ಬದುಕಿದ್ದವಳಿಗೆ ಇಟ್ಟ ಎಡೆ

ನಮ್ಮ ಮನೆಯಲ್ಲಿ ಇನ್ನೊಂದು ಹೆಣ್ಣು ಓದು ಕಲಿಯುವುದು ಆಗದ ಮಾತು ಎಂದು ಹೇಳಿದವಳು ನಮ್ಮಜ್ಜಿ ಕೆಂಚಮ್ಮ, ಅಪ್ಪನ ತಾಯಿ. ಸಿಟ್ಟಿನಿಂದ ಹೇಳಿದ್ದಲ್ಲ. ಜಗಲಿಯ ಮೇಲೆ ಕೂತು ರಾಗಿ ಕೇರುತ್ತ, ಮೊರದಿಂದ ಕಣ್ಣೆತ್ತದೆ, ಇವತ್ತು ಮಳೆ ಬರುವುದಿಲ್ಲ ಎನ್ನುವ ಹಾಗೆ ಹೇಳಿದಳು. ನನಗೆ ಆಗ ಆರೋ ಏಳೋ ವರ್ಷ. ಊರಿನ ಐಗಳು ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಮರಳಿನ ಮೇಲೆ ಬರೆಸುವುದನ್ನು ಮೋಟುಗೋಡೆಯ ಆಚೆಯಿಂದ ನೋಡಿ ಬಂದು, ನಾನೂ ಹೋಗುತ್ತೇನೆ ಎಂದು ಹಟ ಹಿಡಿದಿದ್ದೆ.

"ಅಕ್ಷರ ಅನ್ನೋದು ಈ ಮನೆ ಹೊಸ್ಲು ಒಂದ್ಸಲ ದಾಟಿತ್ತು ಕಣೇ ರಂಗಿ. ಹೋಗ್ತಾ ಒಂದು ಹೆಣ್ಣನ್ನ ಕರ್ಕೊಂಡೇ ಹೋಯ್ತು. ಇನ್ನೊಂದ್ಸಲ ದಾಟಲ್ಲ. ಎದ್ದು ಆ ಕೋಳಿ ಓಡ್ಸು, ರಾಗಿಗೆ ಬಾಯಿ ಹಾಕ್ತೈತೆ."

ಹಾಗೆ ಹೋದ ಹೆಣ್ಣು ಅಪ್ಪನ ತಂಗಿ ನಿಂಗಮ್ಮ, ನನಗೆ ನಿಂಗತ್ತೆ. ನಾನು ನಡೆಯಲು ಕಲಿಯುವ ಮೊದಲೇ ಅವಳು ಸತ್ತುಹೋದಳು ಎಂದೇ ನಾನು ತಿಳಿದಿದ್ದೆ. ಮನೆಯವರೆಲ್ಲ ಹಾಗೇ ಮಾತಾಡುತ್ತಿದ್ದರು. ನಮ್ಮೂರು ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಹೋಗುವ ದಾರಿಯಲ್ಲಿ, ಸಂತೆಗೆ ನಡೆದು ಹೋಗಿ ನಡೆದು ಬರುವಷ್ಟು ದೂರ. ಹೊಲವೆಲ್ಲ ಮಳೆ ನಂಬಿದ ಖುಷ್ಕಿ, ತಗ್ಗಿನಲ್ಲಿ ಒಂದು ತೆಂಗಿನ ತೋಟ. ಮನೆ ಉದ್ದಕ್ಕೆ ರೈಲುಗಾಡಿಯ ಹಾಗೆ ಇತ್ತು. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಹಿಂದೆ ಕಿಟಕಿ ಇಲ್ಲದ ಒಳಕೋಣೆ, ಅಲ್ಲಿಂದ ಹಿತ್ತಿಲಿಗೆ ಬಗ್ಗಿ ದಾಟಬೇಕಾದ ಒಂದು ಕಿರುಬಾಗಿಲು. ಒಳಕೋಣೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಗೆಂದು ಇಟ್ಟ ಕಾಯಿ ವರ್ಷವಿಡೀ ಒಣಗುತ್ತಿತ್ತು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಒಂದು ಇಲಿ ಓಡಿದರೂ ಸಾಕು, ಅಟ್ಟದ ತುಂಬ ಲೊಟಲೊಟ ಸದ್ದು. ನಾನು ಊಟಕ್ಕೆ ಹಟ ಮಾಡಿದರೆ ಅವ್ವ ಮೇಲೆ ನೋಡಿ, "ನಿಂಗತ್ತೆ ಎದ್ಲು ನೋಡು" ಎನ್ನುತ್ತಿದ್ದಳು. ನಾನು ಮುದ್ದೆ ನುಂಗುತ್ತಿದ್ದೆ. ಇವತ್ತಿಗೂ, ಈ ವಯಸ್ಸಿನಲ್ಲೂ, ತಲೆಯ ಮೇಲೆ ಏನಾದರೂ ಉರುಳಿದ ಸದ್ದಾದರೆ ನನ್ನ ಕೈಯ ತುತ್ತು ಅರೆಗಳಿಗೆ ನಿಲ್ಲುತ್ತದೆ.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ಈ ಒಳಕೋಣೆಯಲ್ಲೇ. ಸತ್ತವರ ಲೆಕ್ಕಕ್ಕೆ ಎಲೆ, ಎಲೆಯ ಮುಂದೆ ಹೊಸ ಬಟ್ಟೆ, ಎಲೆಯ ಮೇಲೆ ಅವರವರಿಗೆ ಇಷ್ಟವಾಗಿದ್ದ ಪದಾರ್ಥ. ತಾತನಿಗೆ ಹೊಗೆಸೊಪ್ಪು ಕೂಡ. ಕೊನೆಯಲ್ಲಿ ಗೋಡೆಯ ಪಕ್ಕದ ಎಲೆ ನಿಂಗತ್ತೆಯದು: ಅನ್ನ, ಹುರುಳಿಕಟ್ಟಿನ ಸಾರು, ಐದು ಕಾಯಿಕಡುಬು, ಉಪ್ಪಿನ ಜೊತೆ ಒಂದು ಹಸಿ ಮೆಣಸಿನಕಾಯಿ. ಆ ಎಲೆಯನ್ನು ಅಜ್ಜಿ ತಾನೇ ಬಡಿಸುತ್ತಿದ್ದಳು, ನಮ್ಮವ್ವನ ಕೈಗೆ ಬಿಡುತ್ತಿರಲಿಲ್ಲ. ಬಡಿಸುವಾಗ ಮುಖ ಗಂಟು ಹಾಕಿಕೊಂಡಿರುತ್ತಿದ್ದಳು, ಸಾರು ಎಲೆಯ ಮೇಲೆ ಸುರಿಯುವ ರೀತಿಯಲ್ಲೇ ಒಂದು ಜಗಳ ಇರುತ್ತಿತ್ತು. ಧೂಪ ಹಾಕಿ, ಕೈಮುಗಿದು, ನಾವೆಲ್ಲ ನಡುಮನೆಗೆ ಬಂದು ಬಾಗಿಲು ಮುಚ್ಚಿಕೊಳ್ಳುತ್ತಿದ್ದೆವು. ಹಿರಿಯರು ಬಂದು ಉಣ್ಣಲಿ ಎಂದು. ಅಪ್ಪ ಒಂದು ಸಲ ಎಲೆಅಡಿಕೆ ಹಾಕಿ, ನಿಧಾನಕ್ಕೆ ಜಗಿದು, ಎದ್ದು ಹೋಗಿ ಉಗಿದು ಬರುವಷ್ಟು ಹೊತ್ತು. ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಬಾಗಿಲು ತೆರೆದರೆ ಎಲ್ಲ ಎಲೆಗಳೂ ಇಟ್ಟ ಹಾಗೇ ಇರುತ್ತಿದ್ದವು. ಹಿರಿಯರು ವಾಸನೆಯಲ್ಲೇ ಉಂಡರು ಎಂದು ನಮಗೆ ಹಂಚುತ್ತಿದ್ದರು.

ಒಂಬತ್ತನೆಯ ವಯಸ್ಸಿಗೆ ನಾನು ಅಪ್ಪನ ಜೊತೆ ಅಜ್ಜಂಪುರದ ಸಂತೆಗೆ ಹೋಗತೊಡಗಿದೆ. ಕಾಯಿಯ ರಾಶಿಯ ಪಕ್ಕ ಕೂರುವುದು ನನ್ನ ಕೆಲಸ. ಆ ವರ್ಷ ಮಿಷನ್ನಿನವರು ಸಂತೆಬೀದಿಯ ತುದಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಜಗಲಿಯಲ್ಲಿ ಔಷಧಿ, ಒಳಗೆ ಹೆಣ್ಣುಮಕ್ಕಳಿಗೆ ಪಾಠ. ಒಬ್ಬಳು ಬಿಳಿಯ ದೊರೆಸಾನಿ, ಜೊತೆಗೆ ನಮ್ಮ ಕಡೆಯವರೇ ಇಬ್ಬರು ಹೆಂಗಸರು. ಅಪ್ಪ ವ್ಯಾಪಾರಿಯ ಜೊತೆ ಆಚೆ ಹೋಗಿದ್ದಾಗ ಅವರಲ್ಲೊಬ್ಬಳು ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. ಬಿಳಿ ಸೀರೆ, ಬಗಲಲ್ಲಿ ಪುಸ್ತಕ. ಮೂಗು ಅಪ್ಪನದೇ.

"ಹೊನ್ನಪ್ಪನ ಮಗಳಲ್ವೇನೇ ನೀನು? ನಾನು ಕಣೇ, ನಿಂಗತ್ತೆ."

ನಾನು ಮೊದಲು ಅವಳ ಕಾಲು ನೋಡಿದೆ. ಪಾದ ಹಿಂದುಮುಂದಾಗಿರಲಿಲ್ಲ. ಚಪ್ಪಲಿ ಬೇರೆ ಇತ್ತು. ಚಪ್ಪಲಿ ಮೆಟ್ಟುವ ದೆವ್ವದ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ.

"ನೀನು ಸತ್ತೋಗಿದೀಯಲ್ಲ?"

"ಯಾರಂದ್ರು?"

"ಎಲ್ರೂನು. ಅಜ್ಜಿ ಪಕ್ಷದಲ್ಲಿ ಎಡೆ ಇಡ್ತಾಳೆ ನಿಂಗೆ."

ಅವಳು ಸ್ವಲ್ಪ ಹೊತ್ತು ಒಂದು ಕಾಯಿಯನ್ನು ಎತ್ತಿ ಅಲ್ಲಾಡಿಸಿ ನೋಡಿದಳು, ಕೊಳ್ಳುವವಳ ಹಾಗೆ.

"ಏನೇನು ಇಡ್ತಾಳೆ?"

ಹೇಳಿದೆ. ಮೆಣಸಿನಕಾಯಿಯ ತನಕ ಬಂದಾಗ ಅವಳು ಜೋರಾಗಿ ನಕ್ಕುಬಿಟ್ಟಳು. ಪಕ್ಕದ ಬಳೆಗಾರ ತಿರುಗಿ ನೋಡಿದ. "ಕಡುಬು ಐದೇನಾ? ನಾನು ಎಂಟು ತಿಂತಿದ್ದೆ ಕಣೇ. ಮುದುಕಿ ಜಿಪುಣಿ ಆಗಿದಾಳೆ" ಎಂದು ಎದ್ದು ಹೋದಳು.

ನಡೆದದ್ದೇನು ಎನ್ನುವುದು ನನಗೆ ಚೂರುಚೂರಾಗಿ, ಎಷ್ಟೋ ವರ್ಷಗಳಲ್ಲಿ ತಿಳಿಯಿತು. ನಿಂಗತ್ತೆ ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ತರೀಕೆರೆಯ ಕಡೆಯಿಂದ ಮಿಷನ್ನಿನ ಹೆಂಗಸೊಬ್ಬಳು ಊರೂರು ತಿರುಗುತ್ತ ನಮ್ಮ ಜಗಲಿಗೂ ಬಂದಳು. ಒಳಗೆ ಕರೆದವಳು ಸ್ವತಃ ಅಜ್ಜಿ, ಏಕೆಂದರೆ ಆ ಹೆಂಗಸು ಕೊಟ್ಟ ಹನಿಯಿಂದ ಅಜ್ಜಿಯ ಕಣ್ಣುಬೇನೆ ವಾಸಿಯಾಗಿತ್ತು. ಕಣ್ಣಿಗೆ ಹನಿ ಹಾಕಲು ಬಂದವಳು ಬಣ್ಣದ ಚಿತ್ರ ತೋರಿಸಿದಳು, ಪದ ಹೇಳಿದಳು, ನಿಂಗತ್ತೆಗೆ ಅಕ್ಷರ ಕಲಿಸಿದಳು. ಒಂದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಿಂಗತ್ತೆ ನೀರಿಗೆಂದು ಹೋದವಳು ಕೊಡವನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿ ತರೀಕೆರೆಗೆ ಹೊರಟುಹೋದಳು. ಅಪ್ಪ ಹೋಗಿ ಕರೆದ. ಬರಲಿಲ್ಲ. ಅವರ ಮತಕ್ಕೆ ಸೇರಿದಳು ಎಂದು ಸುದ್ದಿ ಬಂದ ದಿನ ಕುಲದವರು ಮನೆ ಮುಂದೆ ಕೂತರು. ಅಪ್ಪ ಮಡಕೆ ಒಡೆದು, ತಲೆಗೆ ನೀರು ಹಾಕಿಕೊಂಡು, ಬದುಕಿದ್ದ ತಂಗಿಗೆ ತಿಥಿ ಮಾಡಿದ. ಮಾಡದಿದ್ದರೆ ನಮ್ಮ ಮನೆಗೆ ಬೆಂಕಿ ಇಲ್ಲ, ನೀರಿಲ್ಲ. ತಿಥಿ ಆದ ಮೇಲೆ ವರ್ಷವರ್ಷ ಎಡೆ ಇಡಲೇಬೇಕಲ್ಲ!

ಅಲ್ಲಿಂದ ಮುಂದೆ ಪ್ರತಿ ಸಂತೆಗೂ ನಾನು ಆ ಮನೆಯ ಜಗಲಿಗೆ ನುಸುಳಿದೆ. ವಾರಕ್ಕೆ ಎರಡು ಅಕ್ಷರ. ಹಲಗೆಯ ಮೇಲೆ ಬರೆದು, ಅಂಗೈಯಲ್ಲಿ ಒರೆಸಿ, ಸೀಮೆಸುಣ್ಣದ ಕೈಯನ್ನು ಲಂಗಕ್ಕೆ ತಿಕ್ಕಿಕೊಂಡು ಕಾಯಿಯ ರಾಶಿಗೆ ಓಡಿಬರುವುದು. ಇವಳು ನಿಜಕ್ಕೂ ಬದುಕಿದ್ದಾಳೆ ಎಂದು ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಯಾರಿಗಾದರೂ ಹೇಳಿದರೆ ಅವಳು ಇಲ್ಲವಾಗಿಬಿಡುತ್ತಾಳೆ, ಅವಳ ಜೊತೆ ಅಕ್ಷರಗಳೂ ಹೋಗುತ್ತವೆ ಎಂಬ ಭಯಕ್ಕೇ ಬಾಯಿ ಬಿಡಲಿಲ್ಲ. ಒಂದು ದಿನ ದೊರೆಸಾನಿ ಅವಳ ದೇಶದಿಂದ ಬಂದ ಪತ್ರಿಕೆಯ ಚಿತ್ರ ತೋರಿಸಿದಳು. ಚೀನಾದಲ್ಲಿ ದೋಣಿಯೊಳಗೆ ನಿಂತ ಒಬ್ಬಳು, ಆಫ್ರಿಕದಲ್ಲಿ ಮರದ ಕೆಳಗೆ ಪಾಠ ಹೇಳುವ ಒಬ್ಬಳು, ಯಾವುದೋ ದ್ವೀಪದಲ್ಲಿ ಮಗುವಿಗೆ ಸ್ನಾನ ಮಾಡಿಸುವ ಒಬ್ಬಳು. ಎಲ್ಲರೂ ಮನೆ ಬಿಟ್ಟು ಬಂದವರಂತೆ.

"ಇವ್ರಿಗೂ ಅವ್ರವ್ವಂದಿರು ಎಡೆ ಇಡ್ತಾರಾ?" ಎಂದು ಕೇಳಿದೆ.

ನಿಂಗತ್ತೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ದೊರೆಸಾನಿ ಪತ್ರಿಕೆ ಮಡಿಸಿ, ತನ್ನ ಮುರುಕು ಕನ್ನಡದಲ್ಲಿ, "ನನ್ನ ತಾಯಿ ಊಟದ ಮೇಜಿಗೆ ನನ್ನ ಕುರ್ಚಿ ಹಾಕುತ್ತಾರೆ. ಒಬ್ಬರೂ ಕೂರುವುದಿಲ್ಲ" ಎಂದಳು. ಆಮೇಲೆ ಔಷಧಿಯ ಕಡೆ ಹೋದಳು. ಅವಳನ್ನು ನಾನು ಹೆದರದೆ ನೋಡಿದ್ದು ಅಂದಿನಿಂದ.

ಆ ವರ್ಷದ ಪಕ್ಷಕ್ಕೆ ಎರಡು ವಾರ ಮೊದಲು ನಿಂಗತ್ತೆ ಹಲಗೆ ಒರೆಸುತ್ತ, ಬೇರೇನೋ ಕೇಳುವವಳ ಹಾಗೆ ಕೇಳಿದಳು.

"ಹಿತ್ತಿಲ ಕಿರುಬಾಗ್ಲಿಗೆ ಅಗಳಿ ಒಳಗಡೆಯಿಂದ ತಾನೆ?"

"ಹೂಂ."

"ಎಡೆ ಇಟ್ಟು ಈಚೆ ಬರೋವಾಗ ಅದೊಂದು ತೆಗ್ದಿಡ್ತೀಯಾ?"

ಪಕ್ಷದ ದಿನ, ಮಟಮಟ ಮಧ್ಯಾಹ್ನ. ಧೂಪದ ಹೊಗೆಯಲ್ಲಿ ಯಾರಿಗೂ ಕಾಣಲಿಲ್ಲ. ಅಗಳಿ ಸರಿಸಿ ನಾನು ನಡುಮನೆಗೆ ಬಂದು ಕೂತೆ. ಅಪ್ಪ ವೀಳ್ಯದೆಲೆಗೆ ಸುಣ್ಣ ಸವರಿದ. ನೀರು ತರುವವಳ ಹಾಗೆ ಚೊಂಬು ಹಿಡಿದು ನಾನು ಮನೆ ಸುತ್ತಿ ಹಿತ್ತಿಲಿಗೆ ಹೋದೆ. ಕಿರುಬಾಗಿಲ ಸಂದಿಯಲ್ಲಿ ನೋಡಿದರೆ ಅವಳು ಗೋಡೆಯ ಪಕ್ಕದ ಎಲೆಯ ಮುಂದೆ ಚಕ್ಕಂಬಕ್ಕಲ ಹಾಕಿ ಕೂತು ಉಣ್ಣುತ್ತಿದ್ದಳು. ಸತ್ತವರ ಸಾಲಿನಲ್ಲಿ, ತಾತನ ಎಲೆಯ ಪಕ್ಕ, ಮನೆಯಲ್ಲಿ ಕೂತು ಉಣ್ಣುವವರ ಹಾಗೆ, ಬೆರಳು ನೆಕ್ಕಿಕೊಂಡು. ಮೇಲೆ ಅಟ್ಟದಲ್ಲಿ ಕಾಯಿ ಒಮ್ಮೆ ಲೊಟಗುಟ್ಟಿತು. ಅವಳು ತಲೆಯೆತ್ತಲಿಲ್ಲ. ನನ್ನ ಕಾಲಿನ ಸಪ್ಪಳ ಕೇಳಿ, ತಿರುಗದೆ, ಪಿಸುಗುಟ್ಟಿದಳು.

"ನಮ್ಮ ಮಿಷನ್ನೋರು ಎಡೆ ತಿನ್ಬಾರ್ದು ಅಂತಾರೆ ಕಣೇ. ಎಡೆ ಅನ್ನೋದು ಸತ್ತೋರಿಗೆ. ನಾನು ಸತ್ತಿಲ್ವಲ್ಲ! ಇದು ಬರೀ ಊಟ. ನಮ್ಮವ್ವ ಬಡ್ಸಿದ ಊಟ."

ಬಾಗಿಲು ತೆರೆದದ್ದು ಅಜ್ಜಿ. ಎಲ್ಲ ಎಲೆಗಳೂ ಇಟ್ಟ ಹಾಗೇ ಇದ್ದವು, ಗೋಡೆಯ ಪಕ್ಕದ್ದೊಂದು ಬಿಟ್ಟು. ಅದು ಬಳಿದ ಹಾಗೆ ಬರಿದಾಗಿತ್ತು, ಮೆಣಸಿನಕಾಯಿಯ ತೊಟ್ಟು ಮಾತ್ರ ಅಂಚಿನಲ್ಲಿ. ಹೆಗ್ಗಣ ಎಂದ ಅಪ್ಪ. ಅಜ್ಜಿ ಆ ತೊಟ್ಟನ್ನು ಕೈಗೆತ್ತಿಕೊಂಡು ನೋಡಿದಳು. ಆಮೇಲೆ ಅವಳ ಬಾಯಿಂದ ಬಂದ ಕೂಗನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬದುಕಿದ್ದ ಮಗಳಿಗೆ ಏಳೆಂಟು ವರ್ಷ ಸಿಟ್ಟಿನಿಂದ ಎಡೆ ಇಟ್ಟಿದ್ದವಳಿಗೆ, ಎಲೆ ಬರಿದಾದ ಆ ದಿನ, ಒಂದೇ ಅರ್ಥ ಹೊಳೆದಿತ್ತು. ಬಂದು ಉಂಡಿದ್ದಾಳೆ ಎಂದರೆ ಸತ್ತಿದ್ದಾಳೆ.

"ಯಾವೂರಲ್ಲಿ ಹೋಯ್ತೋ ನನ್ನವ್ವ, ಯಾರು ನೀರು ಬಿಟ್ರೋ! ಹಸ್ಕೊಂಡೇ ಹೋಗಿದಾಳೆ ಕಣೋ ಹೊನ್ನಪ್ಪ, ಎಲೆ ನೋಡೋ, ಎಷ್ಟು ಹಸಿದಿದ್ಲೋ!"

ಹಣೆ ಚಚ್ಚಿಕೊಂಡು ಎದೆ ಬಡಿದುಕೊಂಡಳು. ಅಪ್ಪ ಹಿಡಿಯಲು ಹೋದರೆ ತಳ್ಳಿದಳು. "ನೀನು ಮಡಕೆ ಒಡ್ದೆ, ನಾನು ಒಡ್ಸಿದೆ" ಎಂದಳು. ನಾನು ಕಂಬಕ್ಕೆ ಒತ್ತಿಕೊಂಡು ನಿಂತಿದ್ದೆ. ಬಾಯಿ ಬಿಟ್ಟರೆ ಸಂತೆಯಿಲ್ಲ, ಜಗಲಿಯಿಲ್ಲ, ಹಲಗೆಯಿಲ್ಲ. ಆಗಷ್ಟೇ ಒತ್ತಕ್ಷರಕ್ಕೆ ಬಂದಿದ್ದೆ. ಬಾಯಿ ಬಿಡದಿದ್ದರೆ ಈ ಮುದುಕಿ ಇಲ್ಲೇ ಪ್ರಾಣ ಬಿಡುವ ಹಾಗಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ. ಸುಮ್ಮನಿದ್ದೆ ಎನ್ನುವುದು ನಿಜ. ನನ್ನ ಓದಿನ ಬಗ್ಗೆ ಜನ ಹೊಗಳಿದಾಗಲೆಲ್ಲ ನನಗೆ ಆ ಸುಮ್ಮನಿದ್ದ ಹೊತ್ತು ನೆನಪಾಗುತ್ತದೆ.

"ಸತ್ತಿಲ್ಲ ಅಜ್ಜಿ. ಅಗಳಿ ತೆಗ್ದಿದ್ದು ನಾನೇ. ಅತ್ತೆ ಬಂದು ಉಂಡು, ತೋಟದ ದಾರೀಲಿ ಹೋದ್ಲು."

ಅಜ್ಜಿಯ ಕೈ ಮೇಲೆದ್ದಿತು. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅವಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

"ಕಡುಬು ಸಾಲ್ತಂತಾ?"

"ಎಂಟು ತಿಂತಿದ್ದೆ ಅಂದ್ಲು."

"ತಿಂತಿದ್ಲು, ಬಕಾಸುರಿ" ಎಂದಳು ಅಜ್ಜಿ.

ಆಮೇಲೆ ಅವಳು ನಡುಮನೆಯ ಬಾಗಿಲು ಮುಚ್ಚಿ, ನಮ್ಮ ಮೂವರನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ಕಟ್ಟುಪಾಡು ಹಾಕಿದಳು. ಮತ ಬಿಟ್ಟವಳು ಒಳಕೋಣೆಗೆ ಬಂದು ಉಂಡಳು ಎಂದು ಕುಲದವರಿಗೆ ತಿಳಿದರೆ ಮನೆಯ ಬಾಗಿಲಿಗೆ ಮುಳ್ಳು ಹಾಕುತ್ತಾರೆ.

"ಅವಳು ಸತ್ತೋಳೇ. ಸತ್ತೋರು ಬಂದು ಉಂಡೋದ್ರೆ ಯಾವ ಕುಲದೋನೂ ಕೇಳಂಗಿಲ್ಲ. ತಿಳೀತಾ? ವರ್ಷಕ್ಕೊಂದ್ಸಲ, ಪಕ್ಷದಲ್ಲಿ. ಮುಖ ನಾನು ನೋಡಲ್ಲ."

ಹಾಗೇ ನಡೆಯಿತು. ಸಂತೆಯಲ್ಲಿ ಅತ್ತೆಗೆ ಅದನ್ನು ತಿಳಿಸಿದವಳು ನಾನೇ; ನನ್ನ ಪಾಠವನ್ನು ಮನೆಯಲ್ಲಿ ಯಾರೂ ಕೇಳಲೂ ಇಲ್ಲ, ತಡೆಯಲೂ ಇಲ್ಲ. ಮುಂದಿನ ವರ್ಷ ಎಲೆಯ ಮೇಲೆ ಎಂಟು ಕಡುಬು. ಅಗಳಿಯನ್ನು ಯಾರು ತೆಗೆದಿಟ್ಟರೋ ನನಗೆ ಗೊತ್ತಿಲ್ಲ, ನಾನಂತೂ ಅಲ್ಲ. ಅಜ್ಜಿ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಹಿರಿಯರ ಜೊತೆ ಮಾತಾಡುವುದು ವಾಡಿಕೆಯೇ ಎನ್ನುವ ಹಾಗೆ, ಗಾಳಿಗೆ ಹೇಳಿದಂತೆ ಹೇಳತೊಡಗಿದಳು. ಹಸು ಕರು ಹಾಕಿದ್ದು, ತನ್ನ ಮಂಡಿನೋವು, ಯಾರದೋ ಮದುವೆ ಮುರಿದದ್ದು. ಒಳಗಿನಿಂದ ಒಮ್ಮೊಮ್ಮೆ "ಹೂಂ" ಬರುತ್ತಿತ್ತು. ಅಪ್ಪ ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತಲೇ ಇದ್ದ. ನಮ್ಮವ್ವ ಮೈ ಜುಮ್ಮೆಂದವಳ ಹಾಗೆ ಸೆರಗು ಹೊದ್ದುಕೊಂಡಳು. ಬದುಕಿದ್ದವಳ ದನಿ ಎಂದು ಗೊತ್ತಿದ್ದರೂ, ಸತ್ತವರ ಕೋಣೆಯಿಂದ ಬಂದಾಗ ಅದು ಬೇರೆಯೇ ದನಿ.

ನನಗೆ ಹನ್ನೊಂದು ತುಂಬಿದಾಗ ಅಪ್ಪ ಗಂಡು ನೋಡಿದ. ಕಡೂರಿನ ಕಡೆಯ ಸಂಬಂಧ, ಒಳ್ಳೆಯ ತೋಟ. ಆ ಹೊತ್ತಿಗೆ ನಾನು ಸಂತೆಯ ಪಾಠದಲ್ಲೇ ನಾಲ್ಕನೆಯ ಪುಸ್ತಕ ಮುಗಿಸಿದ್ದೆ. ಮುಂದಕ್ಕೆ ಓದಬೇಕೆಂದರೆ ಊರು ಬಿಟ್ಟು ಮಿಷನ್ನಿನ ಬೋರ್ಡಿಂಗಿಗೆ ಹೋಗಬೇಕು. ಅಪ್ಪನ ಕಾಲು ಹಿಡಿದೆ, ಅವ್ವನ ಕಾಲು ಹಿಡಿದೆ. ಎರಡು ದಿನ ಅನ್ನ ಬಿಟ್ಟೆ. ಅಪ್ಪ ಒಂದೇ ಮಾತು ಹೇಳಿದ: "ಇನ್ನೊಂದು ಮಡಕೆ ಒಡ್ಯೋ ಶಕ್ತಿ ನಂಗಿಲ್ಲ ಮಗ." ಗಂಡಿನವರು ದಸರಾ ಮುಗಿದ ಮೇಲೆ ವೀಳ್ಯ ಬದಲಿಸಲು ಬರುವವರಿದ್ದರು. ಅದಕ್ಕೆ ಮೊದಲು ಪಕ್ಷ ಬಂತು. ಅಜ್ಜಿ ಬಾಗಿಲಿಗೆ ಒರಗಿ ಕೂತಳು.

"ನಿಮ್ಮಣ್ಣ ಈ ಹುಡ್ಗೀಗೆ ಗಂಡು ನೋಡಿದಾನೆ. ಇದು ಓದ್ತೀನಿ ಅಂತ ಉಪಾಸ ಕೂತೈತೆ. ನಾನು ಆಗಲ್ಲ ಅಂತ ಅಂದೋಳು. ಈಗೇನು ಮಾಡನ?"

ಒಳಗೆ ಉಣ್ಣುವ ಸದ್ದು ನಿಂತಿತು.

"ಓದ್ಸವ್ವ."

"ನಿಮ್ಮ ದೇವ್ರು ಇದನ್ನೂ ಕರ್ಕೊಂಡ್ರೆ? ಒಂದು ಕೊಟ್ಟಿದೀನಿ, ಇನ್ನೊಂದು ಕೊಡಲ್ಲ."

"ನಾನು ಕೇಳಲ್ಲ. ಬೇರೆಯೋರು ಕೇಳಿದ್ರೂ ಬಿಡಲ್ಲ. ನನ್ನ ಆಣೆ."

"ಸತ್ತೋಳ ಆಣೆಗೆ ಬೆಲೆ ಏನೇ?"

"ನೀನೇ ಹೇಳು. ಸಾಯ್ಸಿದೋಳು ನೀನು."

ಅಪ್ಪನ ಕೈಯ ಅಡಕತ್ತರಿ ಕೆಳಗೆ ಬಿತ್ತು. ಅಜ್ಜಿ ಮಗನ ಕಡೆ ತಿರುಗಿದಳು.

"ಕೇಳುಸ್ತೇನೋ? ಹಿರಿಯರ ಬಾಯಲ್ಲಿ ಬಂದೈತೆ. ಮೀರೋ ಹಂಗಿಲ್ಲ."

"ಕೇಳುಸ್ತು ಅವ್ವ" ಎಂದ ಅಪ್ಪ. ಕೇಳಿದ ಊರವರಿಗೂ ಅವನು ಅದನ್ನೇ ಹೇಳಿದ: ಪಕ್ಷದ ದಿನ ಹಿರಿಯರ ಅಪ್ಪಣೆ ಆಯಿತು. ಊರಲ್ಲಿ ಯಾರೂ ಎದುರು ಮಾತಾಡಲಿಲ್ಲ. ಗಂಡಿನವರು ಮಾತ್ರ, ದೆವ್ವ ಮಾತಾಡುವ ಮನೆಯ ಹೆಣ್ಣು ನಮಗೆ ಬೇಡ ಎಂದು ತಾವೇ ಹಿಂದೆ ಸರಿದರು. ಅವರಿಗೆ ನಾನು ಋಣಿ.

ಬೋರ್ಡಿಂಗಿನ ವರ್ಷಗಳನ್ನು ಇಲ್ಲಿ ವಿಸ್ತಾರವಾಗಿ ಬರೆಯುವುದಿಲ್ಲ. ಅಲ್ಲಿ ನಾನು ಪ್ರಾರ್ಥನೆಗೆ ನಿಲ್ಲುತ್ತಿದ್ದೆ, ಅವರ ಮತಕ್ಕೆ ಸೇರುವ ನೀರು ಮಾತ್ರ ಹಾಕಿಸಿಕೊಳ್ಳಲಿಲ್ಲ. ಅಲ್ಲಿನ ಕೆಲವರಿಗೆ ಅದು ಹಿಡಿಸಲಿಲ್ಲ. "ಅನ್ನ ನಮ್ಮದು, ದೇವರು ಮಾತ್ರ ನಿನ್ನದೋ?" ಎಂದು ಒಬ್ಬ ಉಪಾಧ್ಯಾಯಿನಿ ತರಗತಿಯಲ್ಲೇ ಕೇಳಿದಳು. ಊರಿಗೆ ಬಂದರೆ ಬಾವಿಕಟ್ಟೆಯಲ್ಲಿ ನನ್ನ ಕೊಡದಿಂದ ತಮ್ಮ ಕೊಡ ದೂರ ಇಡುತ್ತಿದ್ದರು. ಎರಡು ಕಡೆಯೂ ಅರ್ಧ ಸತ್ತವಳ ಹಾಗೆ ಇದ್ದುಕೊಂಡು ಲೋಯರ್ ಸೆಕೆಂಡರಿ ಮುಗಿಸಿದೆ, ಎಂಟ್ರೆನ್ಸ್ ಮುಗಿಸಿದೆ, ಮೈಸೂರಿಗೆ ಹೋಗಿ ಕಾಲೇಜು ಸೇರಿದೆ. ನಿಂಗತ್ತೆ ಆಣೆ ತಪ್ಪಲಿಲ್ಲ. ಒಂದು ಸಲವೂ, ಒಂದು ಮಾತೂ. ನನ್ನನ್ನು ತಮ್ಮವಳಾಗಿ ಮಾಡಿಕೊಳ್ಳಲಿಲ್ಲ ಎಂದು ಮಿಷನ್ನಿನವರೇ ಅವಳನ್ನು ಆಡಿಕೊಂಡದ್ದು ಆಮೇಲೆ ದೊರೆಸಾನಿಯಿಂದ ತಿಳಿಯಿತು.

ಬಿ.ಎ. ಕೊನೆಯ ವರ್ಷ ಆ ದೊರೆಸಾನಿಯ ಕಾಗದ ಬಂತು. ಲಿಂಗದಹಳ್ಳಿಯ ಕಡೆ ಜ್ವರ ಹಬ್ಬಿತ್ತು. ಆರೈಕೆಗೆ ಹೋಗಿದ್ದ ನಿಂಗತ್ತೆ ಅಲ್ಲೇ ಮಲಗಿದವಳು ಏಳಲಿಲ್ಲ. ಮಣ್ಣು ಮಾಡಿದ್ದೂ ಆಗಿಹೋಗಿತ್ತು. ನಾನು ಕಾಗದವನ್ನು ಪೆಟ್ಟಿಗೆಯ ತಳಕ್ಕೆ ಹಾಕಿಕೊಂಡು ಊರಿಗೆ ಹೋದೆ. ಪಕ್ಷಕ್ಕೆ ಮೂರು ದಿನ ಇತ್ತು. ಮೂರು ದಿನವೂ ಹೇಳಬೇಕೆಂದು ಅಜ್ಜಿಯ ಪಕ್ಕ ಕೂತೆ. ಅವಳು ಕಡುಬಿಗೆ ಕಾಯಿ ತುರಿಯುತ್ತಿದ್ದಳು. ಹೇಳಲು ಆಗಲಿಲ್ಲ.

ಎಲೆ ಹಾಕಿದಳು. ಬಾಗಿಲು ಮುಚ್ಚಿ, ಬೆನ್ನು ಕೊಟ್ಟು ಕೂತಳು. ಮಾತು ಶುರು ಮಾಡಿದಳು. ಹಲಸಿನ ಮರ ಬಿದ್ದದ್ದು ಹೇಳಿದಳು. ನಿಲ್ಲಿಸಿದಳು. ಒಳಗಿನಿಂದ "ಹೂಂ" ಬರಲಿಲ್ಲ. ಇನ್ನೊಂದು ಸುದ್ದಿ ಹೇಳಿದಳು, ಮತ್ತೆ ನಿಲ್ಲಿಸಿದಳು. ಅಪ್ಪ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಆ ಮೌನ ಎಷ್ಟು ಹೊತ್ತು ನಡೆಯಿತೋ, ಎಲೆಅಡಿಕೆಯ ಲೆಕ್ಕ ಅದಕ್ಕೆ ಸಾಲದು. ಕೊನೆಗೆ ಅಜ್ಜಿ ಗೋಡೆ ಹಿಡಿದು ಎದ್ದು ಬಾಗಿಲು ತೆಗೆದಳು. ಎಲೆ ಇಟ್ಟ ಹಾಗೇ ಇತ್ತು. ಎಂಟು ಕಡುಬು. ಅವಳು ಅಳಲಿಲ್ಲ. ಆ ಎಲೆಯ ಮುಂದೆ ಕೂತು, ಯಾರಿಗೂ ಹಂಚದೆ, ಎಂಟನ್ನೂ ಒಂದೊಂದಾಗಿ ತಾನೇ ತಿಂದಳು. ಹಲ್ಲಿಲ್ಲದ ಬಾಯಿ, ಸಂಜೆಯವರೆಗೂ ಆಯಿತು. ಯಾರೂ ತಡೆಯಲಿಲ್ಲ.

ಮುಂದಿನ ವರ್ಷ ಪದವಿ ಪ್ರದಾನ ಆಯಿತು. ಆ ಸಮಾರಂಭದ ಗೌನು, ಭಾಷಣ, ಚಪ್ಪಾಳೆ ನನಗೆ ಮಸುಕಾಗಿ ನೆನಪಿದೆ. ರೈಲಿಳಿದು, ಅಜ್ಜಂಪುರದಿಂದ ನಡೆದು ಬಂದದ್ದು ಚೆನ್ನಾಗಿ ನೆನಪಿದೆ. ಅಜ್ಜಿ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ನಮ್ಮ ವಂಶದಲ್ಲಿ, ಗಂಡಸರನ್ನೂ ಸೇರಿಸಿ, ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸರ್ಟಿಫಿಕೇಟನ್ನು ಬಿಚ್ಚಿ ಅವಳ ಎರಡೂ ಕೈಗೆ ಕೊಟ್ಟೆ. ಅವಳು ಕಾಗದದ ದಪ್ಪ ನೋಡಿದಳು, ಅಂಚು ಸವರಿದಳು.

"ಇದ್ರಲ್ಲಿ ಯಾರ್ಯಾರ ಹೆಸ್ರೈತೆ?"

"ನಂದು ಐತೆ ಅಜ್ಜಿ."

"ಓದ್ಸಿದೋಳ್ದು?"

"ಇಲ್ಲ. ಅದಕ್ಕೆ ಜಾಗ ಇಟ್ಟಿಲ್ಲ ಇವ್ರು."

ಅಜ್ಜಿ ಕಾಗದವನ್ನು ನನ್ನ ಮಡಿಲಿಗೆ ಹಾಕಿದಳು.

"ಹಂಗಾದ್ರೆ ನೀನು ಬಾಯಲ್ಲಿ ಹೇಳು. ಕುಲದೋರು ಕೇಳಿದ್ರೂ ಹೇಳು. ಇದನ್ನ ಓದ್ಸಿದ್ದು ನನ್ ಮಗ್ಳು ಅಂತ."